ಗ್ಯಾಸ್ ಒತ್ತಿದರೆ ಬಿಸಿಯಾಗಬೇಕು. ಹಾಗಿದ್ದ ಮೇಲೆ ಮೋಡ ಕುಗ್ಗಿ ನಕ್ಷತ್ರ ಆಗೋದು ಹೇಗೆ?

ಹಾಸನ_ಕೂಲಿಂಗ್

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆ ಫ್ರಿಜ್, ಎಸಿ ರಿಪೇರಿ ಮಾಡುತ್ತೇನೆ. ಆಲೂಗಡ್ಡೆ ಕೋಲ್ಡ್ ಸ್ಟೋರೇಜಿನ ಅಮೋನಿಯ ಪ್ಲಾಂಟುಗಳ ಕೆಲಸವೂ ಇದೆ. ಓದಿದ್ದು ಐಟಿಐ. ಆಕಾಶ ನೋಡೋದು ಸುಮ್ನೆ ಒಂದು ಹುಚ್ಚು.

ಮಗಳ ಪುಸ್ತಕದಲ್ಲಿ ಹೀಗಿದೆ: ಹಾಲುಹಾದಿಯಲ್ಲಿ ಅನಿಲದ ದೊಡ್ಡ ದೊಡ್ಡ ಮೋಡಗಳಿವೆ, ಗುರುತ್ವದಿಂದ ಅವು ಕುಗ್ಗುತ್ತವೆ, ನಡುಭಾಗ ಬಿಸಿಯಾಗಿ ನಕ್ಷತ್ರ ಹುಟ್ಟುತ್ತದೆ. ಅಲ್ಲಿಗೆ ಪಾಠ ಮುಗೀತು. ಮಗಳಿಗೆ ಅಷ್ಟು ಸಾಕು, ಪರೀಕ್ಷೆಗೆ ಬರೆದರೆ ಮಾರ್ಕ್ಸ್ ಬರುತ್ತದೆ. ನನಗೆ ಮಾತ್ರ ಗಂಟಲಲ್ಲಿ ಇಳಿಯುತ್ತಿಲ್ಲ.

ತಕರಾರು ಇದು. ಗ್ಯಾಸ್ ಒತ್ತಿದರೆ ಬಿಸಿಯಾಗುತ್ತದೆ. ಬಿಸಿಯಾದರೆ ವಾಪಸ್ ತಳ್ಳುತ್ತದೆ. ಕಂಪ್ರೆಸರಿನ ಡಿಸ್ಚಾರ್ಜ್ ಪೈಪ್ ಮೇಲೆ ಬೆರಳಿಟ್ಟು ನೋಡಿ, ಬೊಬ್ಬೆ ಏಳುತ್ತದೆ. ಆ ಬಿಸಿಯನ್ನು ಆಚೆ ಹಾಕೋಕೆ ಅಂತಲೇ ಕಂಡೆನ್ಸರ್ ಇರೋದು. ಮೊನ್ನೆ ಒಂದು ಪ್ಲಾಂಟಿನಲ್ಲಿ ಕಂಡೆನ್ಸರ್ ಮೇಲೆ ನೀರು ಸುರಿಯುವ ಪಂಪ್ ನಿಂತುಹೋಯಿತು. ನೋಡನೋಡುತ್ತಿದ್ದ ಹಾಗೆ ಗೇಜಿನ ಮುಳ್ಳು ಏರಿತು, ಎಚ್‌ಪಿ ಕಟ್‌ಔಟ್ (ಒತ್ತಡ ಮಿತಿ ಮೀರಿದರೆ ಮಷಿನ್ ನಿಲ್ಲಿಸುವ ಸ್ವಿಚ್) ಹೊಡೆಯಿತು, ಮಷಿನ್ ಬಂದ್. ಬಿಸಿ ಆಚೆ ಹೋಗದಿದ್ದರೆ ಒತ್ತುವ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಹಾಗಾದರೆ ಆ ಮೋಡದ ಕಂಡೆನ್ಸರ್ ಎಲ್ಲಿದೆ? ಸುತ್ತ ಗಾಳಿ ಇಲ್ಲ, ನೀರಿಲ್ಲ, ಬರೀ ಖಾಲಿ ಜಾಗ. ಬಿಸಿ ಯಾರಿಗೆ ಕೊಡುತ್ತದೆ?

ಇನ್ನೊಂದು ಪ್ರಶ್ನೆ. ಚಳಿಗಾಲದಲ್ಲಿ ಮಹಾವ್ಯಾಧನ (ಓರಿಯನ್) ಸೊಂಟದ ಮೂರು ನಕ್ಷತ್ರಗಳ ಕೆಳಗೆ, ಕತ್ತಿಯಲ್ಲಿ, ಬೈನಾಕ್ಯುಲರಿನಲ್ಲಿ ಮಸುಕು ಮಸುಕಾಗಿ ಒಂದು ಮಚ್ಚೆ ಕಾಣುತ್ತದಲ್ಲ, ಅಲ್ಲಿ ಈಗಲೂ ನಕ್ಷತ್ರ ಹುಟ್ಟುತ್ತಿವೆ ಅಂತಾರೆ. ಅದರ ಅನಿಲ 10,000 ಡಿಗ್ರಿ ಬಿಸಿ ಅಂತ ಒಂದು ಕಡೆ ಓದಿದೆ. ನಕ್ಷತ್ರ ಹುಟ್ಟೋದು ಕೊರೆಯುವ ಚಳಿಯ ಮೋಡದಲ್ಲಿ ಅಂತ ಇನ್ನೊಂದು ಕಡೆ. ಎರಡೂ ಹೇಗೆ ಸರಿ?

ಗುರು_ಬಲ

ಗುರುತ್ವ ಅಂದರೆ ಗುರುತ್ವ ಸ್ವಾಮಿ. ದೊಡ್ಡ ಮೋಡ, ಜಾಸ್ತಿ ತೂಕ, ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಇದಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ?

ಹಾಸನ_ಕೂಲಿಂಗ್

ಸರ್, ಹಾಗಾದರೆ ನಮ್ಮ ತಲೆ ಮೇಲಿರುವ ಗಾಳಿಗೂ ತೂಕ ಇದೆ, ಭೂಮಿ ಎಳೆಯುತ್ತಲೂ ಇದೆ. ಅದ್ಯಾಕೆ ಕುಸಿದು ನೆಲಕ್ಕೆ ಅಂಟಿಕೊಂಡಿಲ್ಲ?

ಎರಡೂ_ಮುಕ್ಕಾಲು_ಕಪ್_ಕಾಫಿ

ಅಣ್ಣ, ಇಲ್ಲಿ ತುಂಬಾ ದಿನಕ್ಕೆ ಒಂದು ಒಳ್ಳೇ ಪ್ರಶ್ನೆ ಬಂತು. ನಾನು ಪಿಎಚ್‌ಡಿ ಮಾಡಿದ್ದು ಇಂಥ ತಣ್ಣನೆ ಮೋಡಗಳ ಮೇಲೆಯೇ. ಈಗ ಹೊಟ್ಟೆಪಾಡಿಗೆ ಬೇರೆ ಕೆಲಸ, ಆದರೂ ಈ ವಿಷಯ ಬಂದರೆ ಬಾಯಿ ಸುಮ್ಮನಿರಲ್ಲ. ಉದ್ದ ಆಗುತ್ತದೆ, ಕಾಫಿ ಇಟ್ಟುಕೊಂಡು ಓದಿ.

ನಿಮ್ಮ ಲೆಕ್ಕ ನೂರಕ್ಕೆ ನೂರು ಸರಿ. ಬಿಸಿ ಆಚೆ ಹೋಗದಿದ್ದರೆ ನಕ್ಷತ್ರ ಹುಟ್ಟಲ್ಲ. ಗುರುತ್ವ ಯಾವಾಗಲೂ ಇದ್ದೇ ಇದೆ, ಅದು ಎಲ್ಲೂ ಹೋಗಲ್ಲ. ಕುಗ್ಗಬೇಕೋ ಬೇಡವೋ ಅಂತ ತೀರ್ಮಾನ ಮಾಡೋದು ಮೋಡ ಎಷ್ಟು ತಣ್ಣಗಿದೆ ಅನ್ನೋದು.

ಮೊದಲು ಮೋಡ ಎಂಥದ್ದು ನೋಡಿ. ತಾಪಮಾನ ಸುಮಾರು 10 ಕೆಲ್ವಿನ್, ಅಂದರೆ ಸೊನ್ನೆಗಿಂತ 263 ಡಿಗ್ರಿ ಕೆಳಗೆ. ಬಹುಪಾಲು ಹೈಡ್ರೋಜನ್, ಎರಡೆರಡು ಪರಮಾಣು ಜೋಡಿಯಾಗಿರುವ ಅಣು. ಅದಕ್ಕೇ ಆಣ್ವಿಕ ಮೋಡ ಅನ್ನೋದು. ಒಂದು ಸಿಸಿ ಜಾಗದಲ್ಲಿ ಕೆಲವು ನೂರು ಅಣು ಇದ್ದರೆ ಹೆಚ್ಚು. ನಾವು ಉಸಿರಾಡುವ ಗಾಳಿಯಲ್ಲಿ ಒಂದು ಸಿಸಿಗೆ 25ರ ಮುಂದೆ 18 ಸೊನ್ನೆ ಹಾಕಿದಷ್ಟು ಅಣುಗಳಿರುತ್ತವೆ.

ಇಷ್ಟು ತೆಳು ಇರೋದರಿಂದ ಒಂದು ಅನುಕೂಲ ಇದೆ. ದೂರದ ಇನ್‌ಫ್ರಾರೆಡ್ ಮತ್ತು ಮಿಲಿಮೀಟರ್ ಅಲೆಗಳು ಮೋಡದ ಒಳಗಿಂದ ಸಲೀಸಾಗಿ ಆಚೆ ಹೋಗುತ್ತವೆ. ನಿಮ್ಮ ಪ್ಲಾಂಟ್ ಬಿಸಿಯನ್ನು ನೀರಿಗೆ ಕೊಡುತ್ತದೆ, ಮೋಡ ಅದನ್ನು ಬೆಳಕು ಮಾಡಿ ಕಳಿಸುತ್ತದೆ. ಪಡೆಯೋರು ಯಾರೂ ಬೇಕಿಲ್ಲ, ಖಾಲಿ ಜಾಗವೇ ಸಾಕು.

ಆದರೆ ಯಾರು ಕಳಿಸಬೇಕು? ಇಲ್ಲಿ ಹೈಡ್ರೋಜನ್ ಕೈಲಾಗದ ಆಸಾಮಿ. ಅದರ ಅಣು ಎರಡೂ ಕಡೆ ಒಂದೇ ಥರ ಇರುವುದರಿಂದ ತಿರುಗಿದರೂ ಬೆಳಕು ಸುಲಭವಾಗಿ ಹೊರಡಲ್ಲ. ಅದನ್ನು ತಿರುಗುವ ಶಕ್ತಿಯ ಮೊದಲ ಮೆಟ್ಟಿಲಿಗೆ ಹತ್ತಿಸಬೇಕಾದರೇ ಸುಮಾರು 510 ಕೆಲ್ವಿನ್‌ನಷ್ಟು ಶಕ್ತಿ ಬೇಕು. 10 ಕೆಲ್ವಿನ್ ಮೋಡದಲ್ಲಿ ಅಷ್ಟು ಶಕ್ತಿ ಎಲ್ಲಿಂದ ಬರಬೇಕು? ಕೆಲಸ ಮಾಡೋದು ಕಾರ್ಬನ್ ಮಾನಾಕ್ಸೈಡ್. ಹತ್ತು ಸಾವಿರ ಹೈಡ್ರೋಜನ್ ಅಣುವಿಗೆ ಒಂದರಂತೆ ಇರುತ್ತದೆ ಅಷ್ಟೇ, ಆದರೆ ಅದರ ಮೊದಲ ಮೆಟ್ಟಿಲು 5.5 ಕೆಲ್ವಿನ್‌ನಲ್ಲೇ ಇದೆ. ಹೈಡ್ರೋಜನ್ ಬಂದು ಡಿಕ್ಕಿ ಹೊಡೆದರೆ ಸಾಕು, ಗಿರ್ರನೆ ತಿರುಗುತ್ತದೆ, 2.6 ಮಿಲಿಮೀಟರ್ ಅಲೆಯೊಂದನ್ನು ಬಿಟ್ಟು ಮತ್ತೆ ಶಾಂತ. ಡಿಕ್ಕಿಯ ಶಕ್ತಿ ಆ ಅಲೆಯ ಜೊತೆ ಮೋಡದಿಂದಾಚೆ ಹೋಯಿತು. 1970ರಲ್ಲಿ ವಿಲ್ಸನ್, ಜೆಫರ್ಟ್ಸ್, ಪೆನ್ಜಿಯಾಸ್ ಈ ಅಲೆಯನ್ನು ಮೊದಲು ಹಿಡಿದಿದ್ದು ನೀವು ಹೇಳಿದ ಮಹಾವ್ಯಾಧನ ಕತ್ತಿಯ ಕಡೆಯೇ. ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಅಂಗಳದಲ್ಲೂ ಮಿಲಿಮೀಟರ್ ಅಲೆಗಳಿಗಂತ 10.4 ಮೀಟರಿನ ಡಿಶ್ ಕಟ್ಟಿದ್ದರು.

ಇನ್ನೊಬ್ಬರು ಧೂಳು. ಮೋಡದ ತೂಕದಲ್ಲಿ ನೂರಕ್ಕೆ ಒಂದು ಪಾಲು. ಹೊಗೆಯ ಕಣದಷ್ಟು ಸಣ್ಣದು. ಹೊರಗಿನ ನಕ್ಷತ್ರಗಳ ಬೆಳಕು ಒಳಗೆ ನುಗ್ಗದ ಹಾಗೆ ತಡೆಯುತ್ತದೆ, ಹೈಡ್ರೋಜನ್ ಪರಮಾಣುಗಳು ಜೋಡಿಯಾಗೋಕೆ ತನ್ನ ಮೈ ಮೇಲೆ ಜಾಗ ಕೊಡುತ್ತದೆ, ಅನಿಲ ಒತ್ತಾದಾಗ ಅದರ ಬಿಸಿಯನ್ನು ತೆಗೆದುಕೊಂಡು ಇನ್‌ಫ್ರಾರೆಡ್ ಆಗಿ ಆಚೆ ಕಳಿಸುತ್ತದೆ. ತೀರಾ ಒತ್ತಾದ ಕಡೆ ಕಾರ್ಬನ್ ಮಾನಾಕ್ಸೈಡ್ ಹೆಪ್ಪುಗಟ್ಟಿ ಧೂಳಿಗೇ ಅಂಟಿಬಿಡುತ್ತದೆ. ಆಮೇಲೆ ಎಲ್ಲ ಭಾರ ಧೂಳಿನ ಮೇಲೆ.

ಪರಿಣಾಮ ನೋಡಿ: ಅನಿಲ ಸಾವಿರ ಪಟ್ಟು, ಲಕ್ಷ ಪಟ್ಟು ಒತ್ತಾದರೂ ತಾಪಮಾನ 10 ಕೆಲ್ವಿನ್ ಆಸುಪಾಸಿನಲ್ಲೇ ಕೂತಿರುತ್ತದೆ. ಗೇಜಿನ ಮುಳ್ಳು ಏರುತ್ತದೆ, ಆದರೆ ಗುರುತ್ವ ಅದಕ್ಕಿಂತ ಬೇಗ ಏರುತ್ತದೆ.

ಹಾಸನ_ಕೂಲಿಂಗ್

ಮೇಡಂ, ಕೈ ಮುಗಿದೆ. ನಮ್ಮಲ್ಲಿ ಕಂಡೆನ್ಸರ್ ಕಾಯಿಲ್ ಮೇಲೆ ಧೂಳು ಕೂತರೆ ಕಸ್ಟಮರಿಗೆ ಬಯ್ಯುತ್ತೇವೆ. ಅಲ್ಲಿ ಧೂಳೇ ಕಾಯಿಲ್!

ಆದರೆ ಒಂದು ಸಂಶಯ. ಬಿಸಿ ಹೀಗೇ ಆಚೆ ಹೋಗುತ್ತಾ ಇದ್ದರೆ ನಕ್ಷತ್ರ ಬಿಸಿಯಾಗೋದು ಯಾವಾಗ? ಎಲ್ಲೋ ಒಂದು ಕಡೆ ಕಂಡೆನ್ಸರ್ ಕೈ ಕೊಡಲೇಬೇಕಲ್ವಾ?

ಎರಡೂ_ಮುಕ್ಕಾಲು_ಕಪ್_ಕಾಫಿ

ಕೊಡುತ್ತದೆ. ನಾನು ಹೇಳೋಕೆ ಮುಂಚೆ ನೀವೇ ಅಲ್ಲಿಗೆ ಬಂದಿರಿ.

ಒಂದು ಸಿಸಿಗೆ ಸಾವಿರಾರು ಕೋಟಿ ಅಣು ಆಗುವಷ್ಟು ಒತ್ತಾದಾಗ ಧೂಳಿನ ಇನ್‌ಫ್ರಾರೆಡ್ ಕೂಡ ಆಚೆ ಬರಲಾರದೆ ಒಳಗೇ ಸಿಕ್ಕಿಬೀಳುತ್ತದೆ. ಪಂಪ್ ನಿಂತ ನಿಮ್ಮ ಪ್ಲಾಂಟಿನ ಗತಿಯೇ. ಬಿಸಿ ಏರುತ್ತದೆ, ಒತ್ತಡ ಏರುತ್ತದೆ, ಕುಸಿತ ನಿಲ್ಲುತ್ತದೆ. ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಇದನ್ನು ತೋರಿಸಿದ್ದು ರಿಚರ್ಡ್ ಲಾರ್ಸನ್, 1969ರಲ್ಲಿ. ಆಗ ನಡುವೆ ಒಂದು ಉಂಡೆ ನಿಲ್ಲುತ್ತದೆ, ಅಗಲ ಭೂಮಿ–ಸೂರ್ಯರ ದೂರದ ಕೆಲವು ಪಟ್ಟು. ಇದು ನಕ್ಷತ್ರ ಅಲ್ಲ. ಇದರ ಆಯುಸ್ಸು ಸಾವಿರ ವರ್ಷದ ಲೆಕ್ಕದಲ್ಲಿ, ಆಕಾಶದ ಲೆಕ್ಕಕ್ಕೆ ಕಣ್ಣು ಮಿಟುಕಿಸಿದಷ್ಟು. ಇದೇ ಇರಬಹುದು ಅನ್ನುವ ಅನುಮಾನದ ಅಭ್ಯರ್ಥಿಗಳು ಕೆಲವು ಸಿಕ್ಕಿವೆ, ಅವುಗಳ ಬಗ್ಗೆ ವಾದ ಮುಗಿದಿಲ್ಲ.

ಮೇಲಿಂದ ಅನಿಲ ಬೀಳುತ್ತಲೇ ಇರುತ್ತದೆ. ಉಂಡೆಯ ನಡುಭಾಗ 2,000 ಡಿಗ್ರಿ ಮುಟ್ಟುತ್ತದೆ. ಈಗ ನಿಮಗೆ ಇಷ್ಟ ಆಗುವ ಭಾಗ. ಆ ಬಿಸಿಗೆ ಹೈಡ್ರೋಜನ್ ಅಣುಗಳು ಒಡೆದು ಬಿಡಿ ಪರಮಾಣು ಆಗುತ್ತವೆ. ಒಡೆಯೋಕೆ ಶಕ್ತಿ ಬೇಕು, ಅದನ್ನು ಸುತ್ತಲಿನ ಬಿಸಿಯಿಂದಲೇ ಕಿತ್ತುಕೊಳ್ಳುತ್ತವೆ. ಇವಾಪೊರೇಟರ್‌ನಲ್ಲಿ ಅಮೋನಿಯ ಕುದಿಯುವಾಗ ಕೋಣೆಯ ಬಿಸಿ ಎಳೆದುಕೊಳ್ಳುತ್ತದಲ್ಲ, ಆ ಥರ. ಬಿಸಿ ಆಚೆಗೇ ಹೋಗಬೇಕಾಗಿಲ್ಲ, ಒಳಗೇ ಖರ್ಚಾಯಿತು. ಕುಸಿತ ಮತ್ತೆ ಶುರು, ಈ ಸಲ ದಢಾರನೆ. ಒಡೆಯೋಕೆ ಅಣುಗಳೇ ಉಳಿಯದಿದ್ದಾಗ ನಿಲ್ಲುತ್ತದೆ. ಅಲ್ಲಿ ಸಿಗೋದೇ ಎಳೇ ನಕ್ಷತ್ರ. ಹುಟ್ಟಿದಾಗ ಅದರ ತೂಕ ಬಹಳ ಕಡಿಮೆ. ಮಿಕ್ಕಿದ್ದೆಲ್ಲ ಸುತ್ತ ತಿರುಗುವ ತಟ್ಟೆಯ ಮೂಲಕ ಲಕ್ಷಗಟ್ಟಲೆ ವರ್ಷ ಇಳಿದು ಸೇರಬೇಕು.

ಬಹಳ ಜನ ಅಂದುಕೊಳ್ಳೋದು, ಹೈಡ್ರೋಜನ್ ಉರಿದರೇ, ಅಂದರೆ ಬೆಸೆದು ಹೀಲಿಯಂ ಆದರೇ, ನಕ್ಷತ್ರ ಹೊಳೆಯೋದು ಅಂತ. ಹಾಗಲ್ಲ. ಎಳೇ ನಕ್ಷತ್ರ ಬೀಳುವ ಅನಿಲದಿಂದ, ಕುಗ್ಗುವ ಬಿಸಿಯಿಂದಲೇ ಜೋರಾಗಿ ಹೊಳೆಯುತ್ತದೆ. ಒಡಲು ಒಂದು ಕೋಟಿ ಡಿಗ್ರಿ ದಾಟಿ, ಹೈಡ್ರೋಜನ್ ಉರಿದು, ಎಲ್ಲ ನೆಲೆಗೆ ನಿಲ್ಲೋಕೆ ಸೂರ್ಯನಂಥವನಿಗೆ ಕೋಟಿಗಟ್ಟಲೆ ವರ್ಷ ಹಿಡಿಯುತ್ತದೆ.

ದುರ್ಗದ_ಮೇಷ್ಟ್ರು

ಎರಡನೇ ಪ್ರಶ್ನೆಯನ್ನು ಯಾರೂ ಮುಟ್ಟಲಿಲ್ಲ, ನಾನು ಹೇಳುತ್ತೇನೆ.

ಬೈನಾಕ್ಯುಲರಿನಲ್ಲಿ ಕಾಣುವ ಮಚ್ಚೆ ಮೋಡ ಅಲ್ಲ, ಮೋಡಕ್ಕೆ ಬಿದ್ದಿರುವ ಗುಂಡಿ. ಸುಮಾರು 1,300 ಜ್ಯೋತಿರ್ವರ್ಷ ದೂರ. ಚಿಕ್ಕ ಟೆಲಿಸ್ಕೋಪ್ ಇದ್ದರೆ ನಡುವೆ ಒತ್ತೊತ್ತಾಗಿ ನಾಲ್ಕು ನಕ್ಷತ್ರ ನೋಡಿ, ಟ್ರಪೀಜಿಯಂ ಅನ್ನುತ್ತಾರೆ. ಅದರಲ್ಲಿ ಎಲ್ಲಕ್ಕಿಂತ ಪ್ರಕಾಶದ್ದು ಸೂರ್ಯನ 30 ಪಟ್ಟಿಗೂ ಜಾಸ್ತಿ ತೂಕದ್ದು. ಅದರ ನೇರಳಾತೀತ ಬೆಳಕು ಸುತ್ತಲಿನ ಅನಿಲವನ್ನು 10,000 ಡಿಗ್ರಿಗೆ ಕಾಯಿಸಿ ಹೊಳೆಯಿಸುತ್ತಿದೆ. ಅಲ್ಲಿ ಹುಟ್ಟಬೇಕಾದ ನಕ್ಷತ್ರಗಳು ಹುಟ್ಟಿ ಆಗಿದೆ. ಈಗ ಹುಟ್ಟುತ್ತಿರೋದು ಅದರ ಹಿಂದೆ ಇರುವ ಕತ್ತಲ ಮೋಡದಲ್ಲಿ, ಅದು ನಮ್ಮ ಕಣ್ಣಿಗೆ ಕಾಣಲ್ಲ. 1967ರಲ್ಲಿ ಬೆಕ್ಲಿನ್ ಮತ್ತು ನ್ಯೂಗೆಬಾವರ್ ಇನ್‌ಫ್ರಾರೆಡ್‌ನಲ್ಲಿ ಅಲ್ಲೊಂದು ಎಳೇ ನಕ್ಷತ್ರ ಪತ್ತೆ ಮಾಡಿದರು. ಅದು ಈಗ ಜೋರಾಗಿ ಓಡುತ್ತಿದೆ. ಸುಮಾರು 500 ವರ್ಷದ ಹಿಂದೆ, ನಮಗೆ ಕಾಣುವ ಲೆಕ್ಕದಲ್ಲಿ, ಅಲ್ಲಿ ಕೆಲವು ಎಳೇ ನಕ್ಷತ್ರಗಳು ತೀರಾ ಹತ್ತಿರ ಬಂದು ಒಂದನ್ನೊಂದು ಒದ್ದು ದಿಕ್ಕಾಪಾಲಾಗಿವೆ. ಆ ರಭಸಕ್ಕೆ ಸಿಡಿದ ಅನಿಲದ ಎಳೆಗಳು ಇನ್ನೂ ಹರಡುತ್ತಿವೆ.

ಅದೇ ಮಹಾವ್ಯಾಧದಲ್ಲಿ ಇನ್ನೊಂದು ಕಥೆ. 2004ರ ಜನವರಿಯಲ್ಲಿ ಅಮೆರಿಕದ ಕೆಂಟಕಿಯ ಜೇ ಮೆಕ್‌ನೀಲ್ ಎಂಬ ಹವ್ಯಾಸಿ ಬರೀ 3 ಇಂಚಿನ ಟೆಲಿಸ್ಕೋಪಿನಲ್ಲಿ ತೆಗೆದ ಫೋಟೊದಲ್ಲಿ ಹಿಂದೆ ಇಲ್ಲದ ಒಂದು ಹೊಳಪು ಸಿಕ್ಕಿತು. ಮೋಡದೊಳಗಿನ ಎಳೇ ನಕ್ಷತ್ರ ತಟ್ಟೆಯಿಂದ ಗಬಗಬ ಅನಿಲ ನುಂಗಿ ಉಕ್ಕಿತ್ತು. ಎರಡು ವರ್ಷದಲ್ಲಿ ಆರಿತು, 2008ರಲ್ಲಿ ಮತ್ತೆ ಹೊತ್ತಿಕೊಂಡಿತು. ಹೊಸಕೋಟೆಯಲ್ಲಿ ಕೂತು ನಡೆಸುವ ಲಡಾಖಿನ ಹಾನ್ಲೆಯ 2 ಮೀಟರ್ ಟೆಲಿಸ್ಕೋಪಿನಿಂದಲೂ ನಮ್ಮವರು ಇದನ್ನು ಗಮನಿಸಿದ್ದಾರೆ. ನಕ್ಷತ್ರ ನಿಧಾನವಾಗಿ ಒಂದೇ ಸಮನೆ ಬೆಳೆಯುತ್ತದೆ ಅನ್ನುವವರಿಗೆ ನಾನು ಇದನ್ನೇ ತೋರಿಸೋದು.

ಅಂದಹಾಗೆ ಕೃತ್ತಿಕೆಯ ಫೋಟೊಗಳಲ್ಲಿ ನೀಲಿ ಹೊಗೆ ಇರುತ್ತದಲ್ಲ, ಅದನ್ನು ಅವು ಹುಟ್ಟಿದ ಮೋಡ ಅಂತ ಹಾಕುತ್ತಾರೆ. ಅಲ್ಲ. ಕೃತ್ತಿಕೆಗೆ ಸುಮಾರು ಹತ್ತು ಕೋಟಿ ವರ್ಷ ವಯಸ್ಸು, ಹುಟ್ಟಿದ ಮೋಡ ಎಂದೋ ಚದುರಿಹೋಗಿದೆ. ಅದು ದಾರಿಯಲ್ಲಿ ಸಿಕ್ಕ ಬೇರೆ ಧೂಳು. ನಿಜವಾದ ತೊಟ್ಟಿಲು ನೋಡಬೇಕಿದ್ದರೆ ರೋಹಿಣಿಗಿಂತ ಸ್ವಲ್ಪ ಉತ್ತರಕ್ಕೆ, ವೃಷಭದ ಕತ್ತಲ ಮೋಡಗಳ ಕಡೆ ಬನ್ನಿ. ಸುಮಾರು 450 ಜ್ಯೋತಿರ್ವರ್ಷ ದೂರದಲ್ಲೇ ಇವೆ.

ಗುರು_ಬಲ

ಸರಿ ಸರಿ, ನಾನೂ ಓದುತ್ತಿದ್ದೇನೆ. ಈಗ ನನ್ನದೊಂದು. ಮೋಡಕ್ಕೆ ಇಷ್ಟು ಒಳ್ಳೇ ಕೂಲಿಂಗ್ ಇದ್ದರೆ ಎಲ್ಲ ಮೋಡಗಳೂ ಎಂದೋ ನಕ್ಷತ್ರ ಆಗಿ ಖಾಲಿ ಆಗಬೇಕಿತ್ತಲ್ಲ?

ಎರಡೂ_ಮುಕ್ಕಾಲು_ಕಪ್_ಕಾಫಿ

ಗುರುಗಳೇ, ಇದಕ್ಕೆ 50 ವರ್ಷದಿಂದ ಜಗಳ ನಡೆಯುತ್ತಿದೆ. ಹಾಲುಹಾದಿಯಲ್ಲಿ ಆಣ್ವಿಕ ಅನಿಲ ಸುಮಾರು 100 ಕೋಟಿ ಸೂರ್ಯರ ತೂಕದಷ್ಟಿದೆ. ತಡೆಯೋರಿಲ್ಲದೆ ಬಿದ್ದರೆ ಕೆಲವು ದಶಲಕ್ಷ ವರ್ಷ ಸಾಕು. ಭಾಗಿಸಿ ನೋಡಿ, ವರ್ಷಕ್ಕೆ ಕೆಲವು ನೂರು ಸೂರ್ಯರು ಹುಟ್ಟಬೇಕು. ನಿಜಕ್ಕೂ ಹುಟ್ಟೋದು ಎರಡು ಸೂರ್ಯರ ತೂಕದ ಆಸುಪಾಸು. 1974ರಲ್ಲೇ ಇದನ್ನು ಎತ್ತಿ ತೋರಿಸಿದ್ದರು.

ಕಾರಣಗಳಲ್ಲಿ ಒಂದು, ಮೋಡ ಸುಮ್ಮನೆ ನಿಂತಿಲ್ಲ. 10 ಕೆಲ್ವಿನ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ 0.2 ಕಿಲೋಮೀಟರ್. ಅಲ್ಲಿ ಅನಿಲ ಅದರ ಹತ್ತು ಪಟ್ಟು ವೇಗದಲ್ಲೂ ಅಲ್ಲೋಲಕಲ್ಲೋಲ ಆಗಿರುತ್ತದೆ. ಜೊತೆಗೆ ಕಾಂತಕ್ಷೇತ್ರ ಹಿಡಿದುಕೊಳ್ಳುತ್ತದೆ. ಮೂರನೆಯದು ಮೇಷ್ಟ್ರು ಹೇಳಿದ ಗುಂಡಿ: ಮೊದಲು ಹುಟ್ಟಿದ ದೊಡ್ಡ ನಕ್ಷತ್ರಗಳು ಮೋಡವನ್ನೇ ಕಾಯಿಸಿ ಊದಿಬಿಡುತ್ತವೆ, ತಮ್ಮಂದಿರಿಗೆ ಉಳಿಸಲ್ಲ. ಕೆಲವರು ಕಾಂತಕ್ಷೇತ್ರವೇ ಮುಖ್ಯ ಅನ್ನುತ್ತಾರೆ. ನನ್ನ ವೋಟು ಮೊದಲನೆಯದಕ್ಕೂ ಮೂರನೆಯದಕ್ಕೂ.

ಎಲ್ಲ ತಣ್ಣನೆ ಉಂಡೆಯೂ ಕುಸಿಯಲ್ಲ ಅನ್ನೋದಕ್ಕೆ ಬಾರ್ನಾರ್ಡ್ 68 ನೋಡಿ. ಉರಗಧರ ರಾಶಿಯಲ್ಲಿ ಅಪ್ಪಟ ಕಪ್ಪು ತೇಪೆ, ಅಗಲ ಅರ್ಧ ಜ್ಯೋತಿರ್ವರ್ಷ, ತೂಕ ಎರಡು ಸೂರ್ಯರ ಹತ್ತಿರ. ಫೋಟೊ ನೋಡಿದರೆ ಆಕಾಶವೇ ಅಲ್ಲಿ ಹರಿದಿದೆ ಅನ್ನಿಸುತ್ತದೆ. 2001ರಲ್ಲಿ ಆಲ್ವೆಸ್ ಮತ್ತು ಜೊತೆಯವರು ಹಿಂದಿನ ನಕ್ಷತ್ರಗಳನ್ನು ಇನ್‌ಫ್ರಾರೆಡ್‌ನಲ್ಲಿ ಒಂದೊಂದಾಗಿ ನೋಡಿ, ಯಾವುದು ಧೂಳಿನಿಂದ ಎಷ್ಟು ಕೆಂಪಾಗಿದೆ ಅಂತ ಅಳೆದರು. ಅದರಿಂದ ಧೂಳು ಅಂಚಿನಿಂದ ನಡುವಿನವರೆಗೆ ಹೇಗೆ ದಟ್ಟವಾಗುತ್ತದೆ ಅಂತ ಗೊತ್ತಾಯಿತು. ಒತ್ತಡ ಮತ್ತು ಗುರುತ್ವ ಸರಿಸಮ ನಿಂತರೆ ಹೇಗಿರಬೇಕೋ ಹೆಚ್ಚುಕಡಿಮೆ ಹಾಗೇ ಇತ್ತು. ಕುಸಿಯುವ ಗಡಿಯಲ್ಲಿ ಕೂತಿದೆ, ಇನ್ನೂ ಕುಸಿದಿಲ್ಲ.

ಹಾಸನದಣ್ಣ, ನಿಮಗೆ ಇನ್ನೊಂದು. ಇಂಥ ಉಂಡೆಗಳ ಒಳಗಿನ ತಾಪಮಾನ ಅಳೆಯೋಕೆ ನಾವು ಬಳಸೋ ಥರ್ಮಾಮೀಟರ್ ಯಾವುದು ಗೊತ್ತಾ? ಅಮೋನಿಯ. ಅದರ ಅಣು ಗಾಳಿಗೆ ಛತ್ರಿ ಮಗುಚಿದಂತೆ ಮಗುಚುತ್ತಿರುತ್ತದೆ. ನೈಟ್ರೋಜನ್ ಮೂರು ಹೈಡ್ರೋಜನ್‌ಗಳ ಈ ಕಡೆಯಿಂದ ಆ ಕಡೆ ದಾಟುತ್ತಿರುತ್ತದೆ, ಆಗ ಸುಮಾರು 1.3 ಸೆಂಟಿಮೀಟರ್ ಅಲೆ ಬರುತ್ತದೆ. ಪಕ್ಕಪಕ್ಕದ ಎರಡು ಅಲೆಗಳಲ್ಲಿ ಯಾವುದು ಎಷ್ಟು ಜೋರು ಅಂತ ನೋಡಿದರೆ ತಾಪಮಾನ ಸಿಗುತ್ತದೆ. ಆಕಾಶದಲ್ಲಿ ಇದನ್ನು 1968ರಲ್ಲಿ ಚಾರ್ಲ್ಸ್ ಟೌನ್ಸ್ ತಂಡ ಪತ್ತೆ ಮಾಡಿತು.

ಹಾಸನ_ಕೂಲಿಂಗ್

ಅಮೋನಿಯ! ನಾಳೆ ಪ್ಲಾಂಟಿನಲ್ಲಿ ಹುಡುಗರಿಗೆ ಹೇಳಿದರೆ ನಂಬಲ್ಲ. ಲೀಕ್ ಆದರೆ ಕಣ್ಣೀರು ಹಾಕಿಸುವ ವಸ್ತು ಅದು.

ಮೇಡಂ, ಒಂದೇ ಒಂದು ಕೇಳಿ ಮುಗಿಸುತ್ತೇನೆ. ಕಾರ್ಬನ್, ಆಕ್ಸಿಜನ್, ಧೂಳು ಎಲ್ಲ ನಕ್ಷತ್ರಗಳ ಹೊಟ್ಟೆಯಲ್ಲೇ ತಯಾರಾಗಿದ್ದು ಅಂತಾರೆ. ಹಾಗಾದರೆ ಮೊಟ್ಟಮೊದಲ ನಕ್ಷತ್ರಗಳ ಕಾಲದಲ್ಲಿ ಇವು ಯಾವುದೂ ಇರಲಿಲ್ಲ ಅಲ್ವಾ? ಕಂಡೆನ್ಸರೇ ಇಲ್ಲದೆ ಅವು ಹೇಗೆ ಹುಟ್ಟಿದವು?

ಎರಡೂ_ಮುಕ್ಕಾಲು_ಕಪ್_ಕಾಫಿ

ಅಣ್ಣ, ನೀವು ಐಟಿಐ ಅಂತ ಹೇಳಿ ನಮ್ಮನ್ನೆಲ್ಲ ಯಾಮಾರಿಸುತ್ತಿದ್ದೀರಿ.

ಆಗ ಇದ್ದದ್ದು ಆ ಕೈಲಾಗದ ಹೈಡ್ರೋಜನ್ ಅಣು ಒಂದೇ. ಅದರ ಕೈಲಿ ಅನಿಲವನ್ನು ಸುಮಾರು 200 ಕೆಲ್ವಿನ್‌ವರೆಗೆ ಇಳಿಸೋಕೆ ಆಗುತ್ತದೆ, ಅದಕ್ಕಿಂತ ಕೆಳಗೆ ಅದು ಬೆಳಕು ಬಿಡೋದನ್ನೇ ನಿಲ್ಲಿಸುತ್ತದೆ. ಈಗ ಜೇಮ್ಸ್ ಜೀನ್ಸ್ 1902ರಲ್ಲಿ ಹಾಕಿಕೊಟ್ಟ ಲೆಕ್ಕ ತೆಗೆದುಕೊಳ್ಳಿ. ಕುಸಿಯೋಕೆ ಕನಿಷ್ಠ ಎಷ್ಟು ತೂಕ ಬೇಕು ಅನ್ನೋದು ತಾಪಮಾನದ ಒಂದೂವರೆ ಘಾತದಷ್ಟು ಏರುತ್ತದೆ. ಇವತ್ತಿನ 10 ಕೆಲ್ವಿನ್ ಮೋಡದಲ್ಲಿ, ಸಿಸಿಗೆ ಲಕ್ಷ ಅಣು ಇರುವ ಕಡೆ, ಸುಮಾರು ಒಂದು ಸೂರ್ಯನ ತೂಕ ಸಾಕು. 200 ಕೆಲ್ವಿನ್ ಅಂದರೆ 20 ಪಟ್ಟು ಬಿಸಿ, ಅಷ್ಟೇ ಒತ್ತಾದ ಅನಿಲಕ್ಕೆ ಸುಮಾರು 90 ಪಟ್ಟು ತೂಕ ಬೇಕು. ಅನಿಲ ಇನ್ನೂ ತೆಳುವಾಗಿದ್ದರೆ ಸಾವಿರ ಸೂರ್ಯರವರೆಗೂ ಹೋಗುತ್ತದೆ.

ಅದಕ್ಕೇ ಮೊದಲ ನಕ್ಷತ್ರಗಳು ಬಹುಪಾಲು ದೈತ್ಯರಾಗಿದ್ದವು, ಹತ್ತಾರು, ನೂರಾರು ಸೂರ್ಯರ ತೂಕದವು, ಅಂತ ಲೆಕ್ಕಗಳು ಹೇಳುತ್ತವೆ. ಅಂಥವು ಕೆಲವೇ ದಶಲಕ್ಷ ವರ್ಷದಲ್ಲಿ ಉರಿದು ಮುಗಿಯುತ್ತವೆ. ಅವು ಸತ್ತು ಚೆಲ್ಲಿದ ಕಾರ್ಬನ್, ಆಕ್ಸಿಜನ್‌ನಿಂದಲೇ ಮುಂದಿನ ಮೋಡಗಳಿಗೆ ಧೂಳು ಬಂತು, ಮಾನಾಕ್ಸೈಡ್ ಬಂತು. ಆಮೇಲೆ ಚಿಕ್ಕ ಚಿಕ್ಕ ನಕ್ಷತ್ರಗಳು ಹುಟ್ಟೋಕೆ ಶುರುವಾಯಿತು, ಸೂರ್ಯನೂ ಸೇರಿದಂತೆ.